ಮದುಮಗಳಿಗೂ ಮಿಡತೆಗೂ ಒಂದೇ ಲೈಟ್: ಫ್ಲ್ಯಾಶಾ, ಎಲ್‌ಇಡಿನಾ, ರಿಂಗ್ ಲೈಟಾ?

ದುಡ್ಡು ಒಂದೇ ಲೈಟಿಗೆ ಸಾಕಾಗುವಷ್ಟಿದ್ದರೆ ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಕೂರುವ ಚಿಕ್ಕ ಫ್ಲ್ಯಾಶ್) ತಗೊಳ್ಳಿ, ಜೊತೆಗೊಂದು ವೈರ್‌ಲೆಸ್ ಟ್ರಿಗರ್, ಅಂದರೆ ಫ್ಲ್ಯಾಶನ್ನು ದೂರವಿಟ್ಟೇ ಹೊಡೆಸುವ ಸಾಧನ. ನನ್ನದು ಮೈಸೂರಿನ ಛತ್ರಗಳಲ್ಲಿ ಮದುವೆ ಪೋರ್ಟ್ರೇಟ್ ಕೆಲಸ, ಬಿಡುವಾದರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹುಳಹುಪ್ಪಟೆ ಮ್ಯಾಕ್ರೋ, ಅಂದರೆ ತೀರಾ ಹತ್ತಿರದ ಫೋಟೋ. ಮೂರು ಲೈಟನ್ನೂ ಎರಡೂ ಕಡೆ ಹಾಕಿ ನೋಡಿದ್ದೇನೆ.

ರಿಂಗ್ ಲೈಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಲೆನ್ಸಿನ ಸುತ್ತಲಿಂದ ನೇರವಾಗಿ ಬೀಳುವ ಬೆಳಕು ಅದು, ನೆರಳೇ ಇರಲ್ಲ, ಮುಖ ಚಪ್ಪಟೆ. ಕಣ್ಣಲ್ಲೊಂದು ಬಳೆ ಬೇರೆ. ಮೈಸೂರು ಸಿಲ್ಕ್ ಸೀರೆಯ ಜರಿ ಎದ್ದು ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು ಅಲ್ವಾ? ಒಡವೆ ಕ್ಲೋಸ್-ಅಪ್ ತೆಗೆದರಂತೂ ಒಂದೊಂದು ಹರಳಿನಲ್ಲೂ ಅದೇ ಬಳೆ ಕೂತಿರುತ್ತದೆ.

60 ವಾಟ್ ಎಲ್‌ಇಡಿ ನಿಜಕ್ಕೂ ಒಳ್ಳೆ ವಸ್ತು. ನೆರಳು ಎಲ್ಲಿ ಬೀಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಳತೆ, ಗರಿಷ್ಠ 100) 95ಕ್ಕಿಂತ ಮೇಲಿದ್ದರೆ ಚರ್ಮದ ಬಣ್ಣವೂ ಚೆನ್ನಾಗಿ ಬರುತ್ತದೆ. ಬೀಟೆ ಮರದ ಇನ್‌ಲೇ ಕೆಲಸವನ್ನು ಹತ್ತಿರದಿಂದ ತೆಗೆಯಲು ನಾನು ಈಗಲೂ ಇದನ್ನೇ ಇಡುತ್ತೇನೆ: ಪಾಲಿಶ್ ಮೇಲಿನ ಹೊಳಪು ನೋಡಿಕೊಂಡು ಲೈಟ್ ಸರಿಸಬಹುದು, ಕ್ಯಾಮೆರಾ ಟ್ರೈಪಾಡ್ ಮೇಲಿರುವುದರಿಂದ ಶಟರ್ ಎಷ್ಟು ನಿಧಾನವಾದರೂ ಚಿಂತೆಯಿಲ್ಲ. ಆದರೆ ಮಿಡತೆ ಟ್ರೈಪಾಡಿಗೆ ಕಾಯುತ್ತಾ? ಕೈಯಲ್ಲೇ ಹಿಡಿದು ಲೆನ್ಸಿನ ಕಿಂಡಿ ಎಫ್/11ಕ್ಕೆ ಕಿರಿದು ಮಾಡಿ, ಶಟರ್ 1/200 ಸೆಕೆಂಡ್ ಇಟ್ಟರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಲ್ಲಿಗೋ ಏರಿ ಫೋಟೋ ಕಾಳುಕಾಳಾಗುತ್ತದೆ, ಏಕೆಂದರೆ 1:1 ಮ್ಯಾಕ್ರೋದಲ್ಲಿ (ಸೆನ್ಸರ್ ಮೇಲೆ ಹುಳದಷ್ಟೇ ದೊಡ್ಡ ಬಿಂಬ) ಲೆನ್ಸೇ ಇನ್ನೂ ಎರಡು ಸ್ಟಾಪ್‌ನಷ್ಟು ಬೆಳಕು ನುಂಗುತ್ತದೆ, ಅಂದರೆ ಕಾಲು ಭಾಗ ಮಾತ್ರ ಉಳಿಯುತ್ತದೆ. ಮೇಲಾಗಿ ಕೆರೆ ಏರಿಗೆ ಕರೆಂಟ್ ಎಲ್ಲಿಂದ ತರುವುದು. ಛತ್ರದಲ್ಲೂ ಅಜ್ಜಿಯರು ಆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡೇ ಕೂರುತ್ತಾರೆ.

ಸ್ಪೀಡ್‌ಲೈಟ್ ಗೆಲ್ಲುವುದು ಇಲ್ಲೇ. ಪೂರ್ತಿ ಶಕ್ತಿಯ 1/32 ಪವರ್‌ಗೆ ಇಳಿಸಿದರೆ ಹಲವು ಮಾಡೆಲ್‌ಗಳಲ್ಲಿ ಮಿಂಚು ಇರುವುದೇ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸು, ಗಾಳಿಗೆ ಎಲೆ ಅಲ್ಲಾಡುತ್ತಿದ್ದರೂ ಹುಳದ ಮೀಸೆ ಚೂಪಾಗಿ ಬರುತ್ತದೆ. ಬೆಳಕು ಮೆದುವಾಗಬೇಕಾದರೆ ಲೈಟಿನ ಮುಂದಿನ ಪರದೆ ವಸ್ತುವಿಗೆ ಹೋಲಿಸಿದರೆ ದೊಡ್ಡದಿರಬೇಕು, ಹತ್ತಿರವೂ ಇರಬೇಕು. ಅಂಗೈ ಅಗಲದ ಬಟರ್ ಪೇಪರ್ ಮಿಡತೆಗೆ ಇಡೀ ಆಕಾಶ. ಅದನ್ನೇ ಆರಡಿ ದೂರದ ಮದುಮಗಳಿಗೆ ಹಿಡಿದರೆ ಬರಿ ಚುಕ್ಕಿ, ಮೂಗಿನ ನೆರಳು ಕತ್ತರಿಸಿದ ಹಾಗೆ ಬೀಳುತ್ತದೆ. ಹಾಗಾಗಿ ಪೋರ್ಟ್ರೇಟಿಗೆ 60 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ (ಮುಂದೆ ಬಿಳಿ ಬಟ್ಟೆ ಇರುವ ಡಬ್ಬಿ) ಬೇಕೇ ಬೇಕು, ಅದನ್ನೂ ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ತನ್ನಿ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಫ್ಲ್ಯಾಶ್ ಸುಮ್ನೆ ಬಿಸಿಯಾಗುತ್ತದೆ.

ತೊಂದರೆ ಇಲ್ಲದಿಲ್ಲ. ಕ್ಲಿಕ್ ಆಗುವ ತನಕ ನೆರಳು ಕಾಣುವುದಿಲ್ಲ. ಸೆಲ್ ಹಾಕುವ ಮಾಡೆಲ್ ಆದರೆ ಧಾರೆ ಹೊತ್ತಿಗೆ ಸರಿಯಾಗಿ ಚಾರ್ಜ್ ಆಗಲು ಸತಾಯಿಸುತ್ತದೆ. ಲಿಥಿಯಂ ಬ್ಯಾಟರಿಯದ್ದನ್ನೇ ನೋಡಿ.

ವಿಡಿಯೋ ಕೇಳುವ ಪಾರ್ಟಿಗಳೇ ಜಾಸ್ತಿ ಇದ್ದರೆ ಮಾತ್ರ ಎಲ್‌ಇಡಿ ಮೊದಲು. ಆಗ ಬೋವೆನ್ಸ್ ಮೌಂಟ್ (ಸಾಫ್ಟ್‌ಬಾಕ್ಸ್ ಕೂರಿಸುವ ಒಂದು ಬಗೆಯ ಹಿಡಿಕೆ) ಇರುವುದನ್ನು ತಗೊಳ್ಳಿ. ಮುಂದೆ ಸ್ಪೀಡ್‌ಲೈಟ್ ಕೊಂಡಾಗ ಅದನ್ನು ಹಿಡಿದು ಆ ಮೌಂಟ್ ಒದಗಿಸುವ ಒಂದು ಎಸ್-ಟೈಪ್ ಬ್ರಾಕೆಟ್ ಸಾಕು, ಅದೇ ಸಾಫ್ಟ್‌ಬಾಕ್ಸ್ ಇದಕ್ಕೂ ಕೂರುತ್ತದೆ.