ಔಟ್‌ಬೋರ್ಡ್ ಮೋಟರ್ ರಿಪೇರಿಗೆ ಬೆಂಗಳೂರಿಗೆ ತರೋ ಮುಂಚೆ ಇದನ್ನ ಓದ್ಬಿಡಿ

ಊರಲ್ಲಿ ಹಿನ್ನೀರ ಪಕ್ಕ ತೋಟ, ಒಂದು ಸಣ್ಣ ಬೋಟು, ಅದರ ಹಿಂದೆ ಕಟ್ಟೋ ಔಟ್‌ಬೋರ್ಡ್ ಮೋಟರ್ (ಬಿಚ್ಚಿ ಒಯ್ಯೋ ಇಂಜಿನ್) ಕೆಟ್ರೆ ಡಿಕ್ಕಿಲಿ ಹಾಕ್ಕೊಂಡು ಬೆಂಗಳೂರಿಗೇ ತರೋದು, ಇಂಥೋರು ನಾನೊಬ್ನೇ ಅಲ್ಲ ಅನ್ಕೊಂಡಿದ್ದೀನಿ. ಮೊದಲೇ ಹೇಳ್ಬಿಡ್ತೀನಿ: ಅಂಗಡಿಯವನು ತನ್ನ ಪೆಟ್ರೋಲ್ ಟ್ಯಾಂಕು, ತನ್ನ ಪೈಪು ಹಾಕಿ ಓಡಿಸಿ ತೋರಿಸಿದ್ರೆ ದುಡ್ಡು ಕೊಡ್ಬೇಡಿ. ಕೊಡ್ಲೇಬೇಡಿ.

ನಮ್ದು 8 ಎಚ್‌ಪಿ ಟೂ ಸ್ಟ್ರೋಕ್, ಮಾವನವರದ್ದು, ಶರಾವತಿ ಹಿನ್ನೀರಲ್ಲಿ ಓಡೋದು. ಪೆಟ್ರೋಲ್ ಟ್ಯಾಂಕು ಬೇರೆ ಇರತ್ತೆ, ಪೈಪಲ್ಲಿ ಮೋಟರ್‌ಗೆ ಸೇರತ್ತೆ. ಕಾಯಿಲೆ ಏನಪ್ಪಾ ಅಂದ್ರೆ ಸ್ಟಾರ್ಟ್ ಚೆನ್ನಾಗೇ ಆಗತ್ತೆ, ಫುಲ್ ಥ್ರಾಟಲ್ ಕೊಟ್ರೆ ಸ್ವಲ್ಪ ದೂರ ಹೋಗಿ ಉಸಿರು ಕಟ್ಟಿದಂಗೆ ಆಗಿ ಆಫ್. ಸ್ವಲ್ಪ ಹೊತ್ತು ಬಿಟ್ಟು ಎಳುದ್ರೆ ಮತ್ತೆ ಸ್ಟಾರ್ಟ್, ಮತ್ತೆ ಅದೇ ಕತೆ. ಪೆಟ್ರೋಲ್ ಸಿಗ್ತಿಲ್ಲ ಅಂತ ಯಾರಿಗಾದ್ರೂ ಗೊತ್ತಾಗತ್ತೆ, ಎಲ್ಲಿ ಕಟ್ಕೊಂಡಿದೆ ಅನ್ನೋದೇ ಪ್ರಶ್ನೆ.

ಜೆಸಿ ರೋಡ್ ಹಿಂದಿನ ಒಂದು ಗಲ್ಲಿಲಿ ಮಾಡ್ತಾರೆ ಅಂತ ಯಾರೋ ಹೇಳಿದ್ರು. ಫೋನ್ ಮಾಡಿ "ಟ್ಯಾಂಕು ಪೈಪು ಎಲ್ಲಾ ತರ್ಲಾ" ಅಂತ ನಾನೇ ಕೇಳ್ದೆ. "ಬೇಡ ಸರ್, ಮೋಟರ್ ಒಂದೇ ಸಾಕು" ಅಂದ. ಕೌಲಿಂಗ್ (ಮೋಟರ್ ಮೇಲಿನ ಕವರ್) ಬಿಚ್ಚಿ ನೋಡ್ದೋನೇ, "ಕಾರ್ಬ್ ಹೋಗಿದೆ ಸರ್, ಒಳಗೆಲ್ಲಾ ತಿಂದ್ಬಿಟ್ಟಿದೆ, ಕ್ಲೀನ್ ಮಾಡಿದ್ರೆ ಪ್ರಯೋಜನ ಇಲ್ಲ, ಹೊಸದೇ ಹಾಕ್ಬೇಕು." ಕಾರ್ಬ್ ಅಂದ್ರೆ ಕಾರ್ಬ್ಯುರೇಟರ್, ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ. ಆಮೇಲೆ ಫ್ಯೂಯಲ್ ಪಂಪ್ ಡಯಾಫ್ರಂ (ಪಂಪೊಳಗಿನ ತೆಳು ಪೊರೆ). ಆಮೇಲೆ ಟ್ಯೂನಿಂಗ್ ಅಂತೆ. ಕಾರ್ಬ್ 9,800, ಡಯಾಫ್ರಂ ಕಿಟ್ಟು 1,650, ಲೇಬರ್ 3,000, ಟ್ಯೂನಿಂಗ್ ಟೆಸ್ಟಿಂಗ್ 1,500, ಒಟ್ಟು 15,950. ಕೊಟ್ಟಿದ್ದು ಎಸ್ಟಿಮೇಟ್ ಅಂತ ಬರೆದಿರೋ ಬಿಳಿ ಚೀಟಿ, ಜಿಎಸ್‌ಟಿ ನಂಬರ್ ಇಲ್ಲ, ಸೀಲ್ ಇಲ್ಲ. ಬಿಲ್ ಕೇಳಿದ್ರೆ "ಬಿಲ್ ಬೇಕಂದ್ರೆ 18 ಪರ್ಸೆಂಟ್ ಮೇಲೆ ಬೀಳತ್ತೆ ಸರ್, ಯಾಕೆ ಸುಮ್ನೆ."

ಡೆಲಿವರಿ ದಿನ ನೀರು ತುಂಬಿದ ಡ್ರಮ್ಮಲ್ಲಿ ಮೋಟರ್ ಇಳಿಸಿ, ಅವನದೇ ಕೆಂಪು ಟ್ಯಾಂಕಿಗೆ ಕನೆಕ್ಷನ್ ಕೊಟ್ಟು ಎಳೆದ, ಒಂದೇ ಎಳೆತಕ್ಕೆ ಸ್ಟಾರ್ಟ್. ನಾನು ಅದನ್ನ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ದೆ, ಮಾವ ತಂಬ್ಸ್ ಅಪ್ ಬೇರೆ ಹಾಕಿದ್ರು. ಆ ವಿಡಿಯೋ ಈಗ ನೆನೆಸ್ಕೊಂಡ್ರೆ ಮೈ ಉರಿಯತ್ತೆ.

ಊರಿಗೆ ಹೋಗಿ ಬೋಟಿಗೆ ಕಟ್ಟಿ, ಮಾವ, ಭಾವಮೈದ, ಮಕ್ಕಳು ಎಲ್ರನ್ನೂ ಹತ್ತಿಸ್ಕೊಂಡು ಹೊರಟ್ರೆ ದಡ ಇನ್ನೂ ಕಾಣ್ತಾ ಇದೆ, ಅಷ್ಟರಲ್ಲೇ ಉಸಿರು ಕಟ್ಟಿ ಆಫ್. ಅದೇ ಹಳೇ ಕಾಯಿಲೆ. ಗಾಳಿ ಬೇರೆ. ಹುಟ್ಟು ಹಾಕ್ಕೊಂಡು ವಾಪಸ್. ಭಾವಮೈದ "ಬೆಂಗಳೂರು ರಿಪೇರಿ ಅಲ್ವಾ" ಅಂದ, ಅಷ್ಟೇ.

ದಡದಲ್ಲಿ ಬಲೆ ಬಿಡಿಸ್ತಿದ್ದ ಒಬ್ರು ಬಂದು ಮೋಟರ್ ಮುಟ್ಲೇ ಇಲ್ಲ, ಪೈಪಿನ ಮಧ್ಯದ ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯೋಕೆ ಕೈಲಿ ಒತ್ತೋ ರಬ್ಬರ್ ಉಂಡೆ) ಹಿಡಿದು ಒತ್ತಿದ್ರು. ಒತ್ತಿದ ಬಲ್ಬು ಚಪ್ಪಟೆ ಆಗಿ ಹಂಗೇ ಉಳೀತು, ಮೇಲಕ್ಕೆ ಬರ್ಲೇ ಇಲ್ಲ. "ಕಟ್ಕೊಂಡಿರೋದು ಟ್ಯಾಂಕ್ ಕಡೆ" ಅಂದ್ರು. ಮೊದ್ಲು ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ (ಟ್ಯಾಂಕೊಳಗೆ ಗಾಳಿ ಬಿಡೋದು) ಸಡಿಲ ಮಾಡಿ ನೋಡಿದ್ರು, ಬದಲಾಗ್ಲಿಲ್ಲ. ಟ್ಯಾಂಕೊಳಗಿನ ಎಳೆಯೋ ಕೊಳವೆ ಹೊರಗೆ ತೆಗೆದ್ರೆ ತುದಿಯ ಜಾಲರಿ ತುಂಬಾ ಕಂದು ಅಂಟು. ಹಳೇ ಟೂತ್‌ಬ್ರಷ್, ಒಂದು ಲೋಟ ಪೆಟ್ರೋಲು, ಮುಗೀತು. ಆಮೇಲೆ ಬಲ್ಬ್ ಒತ್ತಿದ್ರೆ ಗಟ್ಟಿ ಆಗತ್ತೆ, ಮೋಟರ್ ಫುಲ್ ಥ್ರಾಟಲ್ ಓಡತ್ತೆ. ಅಂಗಡಿಯವನು ನೋಡ್ದೇ ಇದ್ದ ಎರಡೇ ಸಾಮಾನು, ಟ್ಯಾಂಕು ಮತ್ತೆ ಪೈಪು, ಕಾಯಿಲೆ ಇದ್ದಿದ್ದೂ ಅಲ್ಲೇ.

ಸರಿ, ಹೊಸ ಕಾರ್ಬ್ ಆದ್ರೂ ಬಂತಲ್ಲ ಅಂತ ಸಮಾಧಾನ ಮಾಡ್ಕೊಳ್ಳೋಣ ಅಂತ ಕೌಲಿಂಗ್ ತೆಗೆದೆ. ಅಲ್ಲಿ ನೋಡಿ ಎದೆ ಧಸಕ್ಕಂತು. ನಮ್ಮ ಹಳೇ ಕಾರ್ಬಿನ ಕೆಳಗಿನ ಬಟ್ಟಲಿಗೆ ನಾಲ್ಕು ಸ್ಕ್ರೂ, ಅದ್ರಲ್ಲಿ ಒಂದು ಕಳೆದುಹೋಗಿ ಮಾವ ಯಾವಾಗ್ಲೋ ಒಂದು ಅಲೆನ್ ಬೋಲ್ಟ್ (ತಲೇಲಿ ಆರು ಮೂಲೆ ತೂತಿರೋದು) ಹಾಕಿದ್ರು. ಮೂರು ಸ್ಟಾರ್ ಸ್ಕ್ರೂ, ಒಂದು ಅಲೆನ್. ಈ "ಹೊಸ" ಕಾರ್ಬಿನಲ್ಲೂ ಮೂರು ಸ್ಟಾರ್, ಒಂದು ಅಲೆನ್! ಅದೇ ಮೂಲೆಲಿ! ಮೇಲೆ ಸಿಲ್ವರ್ ಸ್ಪ್ರೇ ಹೊಡೆದು, ಸ್ಕ್ರೂ ತಲೆಗೂ ಪೇಂಟ್ ಮೆತ್ತಿದ್ದಾನೆ.

ಫೋಟೋ ತೆಗೆದು ಕಳ್ಸಿದೆ. ಉತ್ತರ ಕೇಳಿ: "ಹೊಸದರಲ್ಲಿ ಒಂದು ಸ್ಕ್ರೂ ಕಮ್ಮಿ ಬಂದಿತ್ತು ಸರ್, ನಿಮ್ಮ ಹಳೇದೇ ಹಾಕಿದ್ವಿ." ಹಳೇ ಕಾರ್ಬ್ ಎಲ್ಲಪ್ಪಾ? "ಗುಜರಿಗೆ ಹೋಯ್ತು." ಹೊಸದರ ಡಬ್ಬ? "ಹುಡುಗ ಬಿಸಾಕಿದ." ಮೋಟರ್ ನಿಂತೋಯ್ತಲ್ಲ ಅಂದ್ರೆ "ಅದು ಇ20 ಪ್ರಾಬ್ಲಮ್ ಸರ್, ಗೌರ್ಮೆಂಟ್‌ನ ಕೇಳಿ." ಇ20 ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು. ನೋಡಿ, ಎಥನಾಲ್ ನೀರು ಎಳ್ಕೊಳ್ಳೋದು ನಿಜ, ಹಳೇ ರಬ್ಬರ್ ಪೈಪು ಹಾಳಾಗೋದೂ ನಿಜ. 2023ರ ಫೆಬ್ರವರಿಲಿ ಇ20ನ ನಮ್ಮ ಬೆಂಗಳೂರಲ್ಲೇ ಉದ್ಘಾಟನೆ ಮಾಡಿದ್ದು, ಈಗ ಮೆಕ್ಯಾನಿಕ್‌ಗಳಿಗೆಲ್ಲಾ ಅದೇ ನೆಪ. ಆದ್ರೆ ಅಲೆನ್ ಬೋಲ್ಟ್‌ನ ಇ20 ತಂದು ಹಾಕಲ್ವಲ್ಲ! ಜಾಸ್ತಿ ಕೇಳಿದ್ದಕ್ಕೆ "ಡ್ರಮ್ಮಲ್ಲಿ ಓಡಿದ್ದು ನೀವೇ ವಿಡಿಯೋ ಮಾಡ್ಕೊಂಡಿದ್ದೀರಲ್ಲ ಸರ್" ಅಂತ ನನ್ನ ವಿಡಿಯೋನೇ ನನಗೆ ಸಾಕ್ಷಿ ತೋರಿಸ್ತಾನೆ. ಆಮೇಲಿಂದ ಬರೀ ಬ್ಲೂ ಟಿಕ್.

ಈಗ ನೀವು ಮಾಡ್ಬೇಕಾಗಿರೋದು. ಅಂಗಡಿಗೆ ಹೊರಡೋ ಮುಂಚೆ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ನೋಡಿ, ಬಲ್ಬ್ ಒತ್ತಿ ನೋಡಿ. ಚಪ್ಪಟೆ ಉಳಿದ್ರೆ ಟ್ಯಾಂಕ್ ಕಡೆ ಬ್ಲಾಕು, ಎಷ್ಟು ಒತ್ತಿದ್ರೂ ಗಟ್ಟಿ ಆಗ್ಲಿಲ್ಲ ಅಂದ್ರೆ ಎಲ್ಲೋ ಗಾಳಿ ಎಳೀತಿದೆ ಇಲ್ಲಾ ಬಲ್ಬಿನ ವಾಲ್ವ್ ಹೋಗಿದೆ, ಓಡೋವಾಗ ಒತ್ತುತಾ ಇದ್ರೆ ಮಾತ್ರ ಓಡತ್ತೆ ಅಂದ್ರೆ ಆಗ ಪಂಪ್ ಮೇಲೆ ಅನುಮಾನ ಪಡಿ. ಆಯಿಲ್ ಬೆರೆಸಿದ ಪೆಟ್ರೋಲ್‌ನ ತಿಂಗಳುಗಟ್ಲೆ ಟ್ಯಾಂಕಲ್ಲಿ ಬಿಡ್ಬೇಡಿ. ಕಾರ್ಬಿಗೆ ಒಂದು ಗೀರು ಹಾಕಿ ಫೋಟೋ ತೆಗೆದಿಟ್ಕೊಳ್ಳಿ, ಹಳೇ ಪಾರ್ಟ್ ಕೈಗೆ ಬರೋ ತನಕ ಒಂದು ರೂಪಾಯಿ ಬಿಚ್ಬೇಡಿ.

ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಕಂಪ್ಲೇಂಟ್ ಕೊಟ್ಟಿದ್ದೀನಿ. ನನ್ನತ್ರ ಇರೋದು ಬಿಳಿ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ಆ ಸ್ಕ್ರೂ ಫೋಟೋ, ಇಷ್ಟೇ. ಇಷ್ಟರಲ್ಲೇ ಯಾರಾದ್ರೂ ದುಡ್ಡು ವಾಪಸ್ ವಸೂಲಿ ಮಾಡಿದ್ರೆ ಹೇಗೆ ಅಂತ ದಯವಿಟ್ಟು ಹೇಳಿ.