ಕಗ್ಗದ ಅಕ್ಕಿ: ಉಪ್ಪು ನೀರಲ್ಲಿ ಬೆಳೆದದ್ದು, ಉಪ್ಪಾಗಿತ್ತಾ?

ಮೊದಲೇ ಹೇಳಿಬಿಡುತ್ತೇನೆ, ಉಪ್ಪಾಗಿಲ್ಲ. ಗಂಜಿಗೆ ಉಪ್ಪು ಹಾಕಿಕೊಂಡೇ ಉಣ್ಣಬೇಕು.

ಕಗ್ಗ ಅಂದರೆ ಉಪ್ಪು ನೀರು ತಾಳುವ ಒಂದು ಭತ್ತದ ತಳಿ. ಕುಮಟಾ ಸಂತೆಯಲ್ಲಿ ಅದರ ಅಕ್ಕಿ ಐದು ಕೆಜಿ ತಂದೆ. ಕೆಜಿಗೆ 80 ರೂಪಾಯಿ. ಮಾರುತ್ತಿದ್ದ ಹುಡುಗ ನನ್ನ ಮುಖ ನೋಡಿ, "ಅಕ್ಕೋರೆ, ಗಜನಿ ಗದ್ದೆದು ಇದು. ಅನ್ನಕ್ಕೆ ಉಪ್ಪು ಹಾಕೂದೇ ಬೇಡ" ಅಂದ. ಗಜನಿ ಅಂದರೆ ಅಳಿವೆ ಅಂಚಿನ, ಉಪ್ಪು ನೀರು ನುಗ್ಗುವ ತಗ್ಗು ಗದ್ದೆ. ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳು ನಾನು. ಸುಮ್ನೆ ನಕ್ಕು ಬರಬಹುದಿತ್ತು. ಆದರೆ ಅವನ ಹತ್ತಿರವೇ ಒಂದು ಹಿಡಿ ಭತ್ತವನ್ನೂ ಕೇಳಿ ತಂದೆ.

ಮೊದಲು ಅನ್ನದ ವಿಷಯ. ಕೆಂಪು ಅಕ್ಕಿ, ದಪ್ಪ ಕಾಳು, ಕುಚ್ಚಲಕ್ಕಿ ಮಾಡಿದ್ದು. ರಾತ್ರಿಯೇ ನೆನೆಹಾಕಬೇಕು. ನೆನೆಹಾಕದೆ ಕುಕ್ಕರಿಗಿಟ್ಟ ದಿನ ಏಳು ಸೀಟಿ ಆದರೂ ಹಲ್ಲಿಗೆ ಸಿಗುತ್ತಿತ್ತು. ನೆನೆದರೆ ಐದು ಸಾಕು. ಗಂಜಿ ದಪ್ಪಗೆ ಬರುತ್ತದೆ, ತಿಳಿ ಕೆಂಪಗೆ. ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಬೇರೆ ಏನೂ ಬೇಡ. ಶೆಟ್ಲಿ (ಸಿಗಡಿ) ಸಾರಿಗೂ ಒಳ್ಳೆಯ ಜೋಡಿ. ಬೆಳಿಗ್ಗೆ ಎಂಟಕ್ಕೆ ಉಂಡರೆ ಮಧ್ಯಾಹ್ನ ಒಂದೂವರೆವರೆಗೆ ಹಸಿವೆ ಇಲ್ಲ. ಚಿತ್ರಾನ್ನಕ್ಕೆ ಮಾತ್ರ ಆಗುವುದಿಲ್ಲ, ಪ್ರಯತ್ನಿಸಬೇಡಿ.

ದೂರು ಒಂದಿದೆ, ಕಲ್ಲು. ಒಂದು ಪಾವು ಅಕ್ಕಿಯಲ್ಲಿ ಆರು ಸಿಕ್ಕಿದವು. ನೆಲ್ಲೂ ಉಳಿದಿತ್ತು. ಈ ಬೆಲೆಗೆ ಇಷ್ಟು ಆರಿಸಬೇಕಾ?

ಇನ್ನು ಆ ಒಂದು ಹಿಡಿ ಭತ್ತ. ಅಘನಾಶಿನಿ ಅಳಿವೆಯ ಮಾಣಿಕಟ್ಟಾ ಕಡೆಯ ಗಜನಿಗಳಿಗೆ, ಸಮುದ್ರದಲ್ಲಿ ಭರತ ಬಂದರೆ ಉಪ್ಪು ನೀರು ನುಗ್ಗುತ್ತದೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋಗಿ ಸ್ವಲ್ಪ ತೆಳುವಾದಾಗ ಮೊಳಕೆ ಭತ್ತ ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಶೆಟ್ಲಿ, ಮೀನು. ಕೇರಳದ ಪೊಕ್ಕಾಳಿ ಭತ್ತದ್ದೂ ಇದೇ ಪದ್ಧತಿ. ಪೊಕ್ಕಾಳಿಗೆ 2008ರಲ್ಲೇ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ.

ನಾಲ್ಕು ಹಾರ್ಲಿಕ್ಸ್ ಬಾಟಲಿ ತೊಳೆದೆ. ಎರಡರಲ್ಲಿ ಕಗ್ಗ, ಎರಡರಲ್ಲಿ ಪಕ್ಕದ ಮನೆಯವರು ಗದ್ದೆಗೆ ಹಾಕುವ ಮಾಮೂಲು ಭತ್ತ. ಬಾಯಿಗೆ ಬಟ್ಟೆ ಕಟ್ಟಿ ಮೊಳಕೆ ಕೂರಿಸಿದೆ. ಹತ್ತು ದಿನ ಬರೀ ಬಾವಿ ನೀರು. ಆಮೇಲೆ ಎರಡೂ ಜಾತಿಯ ಒಂದೊಂದು ಬಾಟಲಿಗೆ ಲೀಟರಿಗೆ ಆರು ಗ್ರಾಮ್ ಉಪ್ಪು. ಸಮುದ್ರದ ನೀರಲ್ಲಿ ಸುಮಾರು 35 ಗ್ರಾಮ್ ಇರುತ್ತದೆ, ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಭತ್ತಕ್ಕೆ ಇಷ್ಟೇ ಜಾಸ್ತಿ.

ಆರನೇ ದಿನ ಮಾಮೂಲು ಭತ್ತದ ಎಲೆ ಬೀಡಿಯ ಹಾಗೆ ಸುರುಳಿ ಸುತ್ತಿತು, ತುದಿ ಸುಟ್ಟಂತಾಯಿತು. ಕಗ್ಗದ್ದು ಕೆಳಗಿನ ಹಳೇ ಎಲೆ ಮಾತ್ರ ಹಳದಿ. ಮೇಲಿನ ಎಳೆ ಎಲೆ ಹಸಿರಾಗೇ ಇತ್ತು. ಬೇರು ಎರಡರದ್ದೂ ಗಿಡ್ಡವಾಗಿತ್ತು, ಅದರಲ್ಲಿ ಕಗ್ಗ ಏನೂ ಹೆಚ್ಚುಗಾರಿಕೆ ತೋರಿಸಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಬ್ಲೇಡಿನಿಂದ ಬೇರನ್ನು ಅಡ್ಡ ಕೊಯ್ದು ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟೆ. ತಾವರೆ ದಂಟು ಕೊಯ್ದ ಹಾಗೆ ತೂತು ತೂತು. ಎಲೆಯಿಂದ ಬೇರಿಗೆ ಗಾಳಿ ಇಳಿಯುವ ದಾರಿ ಅದು. ಎಲ್ಲ ಭತ್ತದಲ್ಲೂ ಇದೆ. ಉಪ್ಪಿನ ಕೆಲಸ ನಡೆಯುವುದು ಕಣ್ಣಿಗೆ ಅಷ್ಟು ಸುಲಭಕ್ಕೆ ಕಾಣದ ಕಡೆ. ಬೇರಿನ ಹೊರಗೊಂದು, ಒಳಗೊಂದು ಪದರದ ಗೋಡೆಗಳಿಗೆ ಸುಬೆರಿನ್ ಎಂಬ ಮೇಣದಂಥ ವಸ್ತು ಮೆತ್ತಿಕೊಳ್ಳುತ್ತದೆ. ಬಾಟಲಿ ಬಿರಡೆಯ ಕಾರ್ಕಿನಲ್ಲಿರುವುದೂ ಅದೇ. ಉಪ್ಪು ತಾಗಿದರೆ ಬೇರು ಈ ಲೇಪ ದಪ್ಪ ಮಾಡುತ್ತದೆ. ಆದರೂ ಪಕ್ಕಬೇರು ಒಡೆದು ಬರುವ ಸಂದಿಯಲ್ಲಿ ಸ್ವಲ್ಪ ಸೋಡಿಯಂ ನುಸುಳುತ್ತದೆ. ಹಾಗೆ ನುಸುಳಿ ನೀರಿನ ಕೊಳವೆ ಸೇರಿದ್ದನ್ನು ಬೇರಿನಲ್ಲೇ ವಾಪಸ್ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಇದರ ಜೀನನ್ನು 2005ರಲ್ಲಿ ನೋನಾ ಬೊಕ್ರಾ ಎಂಬ ಉಪ್ಪು ತಾಳುವ ಭತ್ತದಲ್ಲಿ ಗುರುತಿಸಿದರು. ಇಷ್ಟಾದ ಮೇಲೂ ಮೇಲೆ ಹೋದದ್ದು ಹಳೇ ಎಲೆಗಳ ಪಾಲಿಗೆ. ನನ್ನ ಬಾಟಲಿಯ ಹಳದಿ ಎಲೆ ಅದೇ ಅಲ್ವಾ! ಕಾಳಿನವರೆಗೆ ಉಪ್ಪು ತಲುಪಲು ಬಿಟ್ಟರೆ ತಾನೇ ಅನ್ನ ಉಪ್ಪಾಗುವುದು?

ಮುಂದಿನ ಸಂತೆಯಲ್ಲಿ ಹುಡುಗನಿಗೆ ಬಾಟಲಿಯ ಫೋಟೋ ತೋರಿಸಿದೆ. ದೊಡ್ಡದು ಮಾಡಿ ಮಾಡಿ ನೋಡಿದ. "ಬೇರು ಇಷ್ಟೆಲ್ಲ ಮಾಡ್ತದಾ ಅಕ್ಕೋರೆ?" ಅಂದ. ಕಲ್ಲಿನ ವಿಷಯವನ್ನೂ ಎತ್ತಿದೆ. "ಮಿಲ್ಲಿನ ಅಂಗಳ ಮಣ್ಣಿಂದು" ಅಂತ ತಲೆ ಕೆರೆದುಕೊಂಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಕಲ್ಲಿಗೆ. ಹೊಸ ಕೊಯ್ಲಿನದ್ದು ಹತ್ತು ಕೆಜಿ ಹೇಳಿಟ್ಟಿದ್ದೇನೆ, ಜರಡಿ ಹಿಡಿದು ಕೊಡುವುದಾದರೆ ಮಾತ್ರ.