ಆಂಪ್ಲಿಫೈಯರ್‌ಗಿಂತ ಮೊದಲು ಸೂಜಿ: ಆಡಿಯೊ-ಟೆಕ್ನಿಕಾ ವಿಎಂ95ಎಂಎಲ್

ರೆಕಾರ್ಡಿನ ಕೊನೆಯ ಹಾಡಿನಲ್ಲಿ ‘ಸ’, ‘ಶ’ ಅಕ್ಷರಗಳು ಮಾತ್ರ ಸಿಡಿದಂತೆ ಕೇಳುತ್ತಿದ್ದರೆ ಹೊಸ ಆಂಪ್ಲಿಫೈಯರ್ ತರಬೇಡಿ, ಅದು ತಪ್ಪನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಒಳಸುತ್ತಿಗೆ ಹೋದಂತೆ ಗೀರಿನ ಅಲೆಗಳು ಇಕ್ಕಟ್ಟಾಗುತ್ತವೆ. ಸಾಮಾನ್ಯ ಸೂಜಿಯ ಮೊನೆ ಅವುಗಳೊಳಗೆ ಪೂರ್ತಿ ಇಳಿಯುವುದಿಲ್ಲ.

ಆಡಿಯೊ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ಸೂಜಿಯನ್ನು ಹಿಡಿದು, ಅದರ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ) ಈಗಾಗಲೇ ಇದ್ದರೆ ನೀವು ಅದೃಷ್ಟವಂತರು. ಬಾಡಿ ಅದೇ ಸಾಕು: ಹಸಿರು ಸೂಜಿ ಕಳಚಿ, ವಿಎಂ95ಎಂಎಲ್‌ನ ಮೈಕ್ರೋಲೀನಿಯರ್ ಮೊನೆಯ ಕೆಂಪು ಸೂಜಿ ಕೂರಿಸಿ. ಸೂಜಿ ರೆಕಾರ್ಡಿನ ಮೇಲೆ ಒತ್ತುವ ತೂಕವನ್ನು ಪುಟ್ಟ ಡಿಜಿಟಲ್ ತಕ್ಕಡಿಯಲ್ಲೇ ನೋಡಿ 2 ಗ್ರಾಂಗೆ ಇಡಿ, 1.8ಕ್ಕಿಂತ ಇಳಿಸಿದರೆ ಸೂಜಿ ಗೀರಿನ ಗೋಡೆಗೆ ಬಡಿದು ರೆಕಾರ್ಡೇ ಹಾಳಾಗುತ್ತದೆ. ಕಾರ್ಟ್ರಿಜ್‌ನ ಕೋನವನ್ನು ಪ್ರೊಟ್ರ್ಯಾಕ್ಟರ್ (ಕೋನ ನೋಡುವ ಅಳತೆಪಟ್ಟಿ) ಇಟ್ಟು ಸರಿಪಡಿಸಲೇಬೇಕು. ಮೊನೆ ತೀರಾ ಕಿರಿದು, ಸ್ವಲ್ಪ ಓರೆಯಾದರೂ ಕೊಟ್ಟ ದುಡ್ಡು ಕೇಳಿಸುವುದಿಲ್ಲ.

ಔಟ್‌ಪುಟ್ 4ರಿಂದ 3.5 ಮಿಲಿವೋಲ್ಟ್‌ಗೆ ಇಳಿಯುವುದರಿಂದ ವಾಲ್ಯೂಮ್ ಕೊಂಚ ಏರಿಸಬೇಕು, ಅದು ದೋಷವಲ್ಲ. ಬೆಲೆ ಮಾತ್ರ ಚುರುಕು ಮುಟ್ಟಿಸುತ್ತದೆ: ಈ ಸೂಜಿಯೊಂದಕ್ಕೇ ಇಡೀ ಹಸಿರು ಕಾರ್ಟ್ರಿಜ್‌ಗಿಂತ ಹೆಚ್ಚು. ಆದರೂ ವೀಣೆಯ ಮೀಟು, ತಂಬೂರಿಯ ಝೇಂಕಾರ ಬಿಡಿಬಿಡಿಯಾಗಿ ಕೇಳುವಾಗ ಖರ್ಚು ಸಾರ್ಥಕ ಅನ್ನಿಸುತ್ತದೆ. ಎಲ್ಲ ಹಾಡುಗಳಲ್ಲೂ, ಸಿಡಿಯಲ್ಲೂ ಬೇಸ್ ಗುಂಯ್‌ಗುಡುತ್ತಿದ್ದರೆ ಸೂಜಿ ಬೇಡ, ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ಸರಿಸಿ ನೋಡಿ.